ಹೂಂಗುಟ್ಟುವವರಿಲ್ಲದ ಅನಿಮೇಷನ್

ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಕೂತು ಕಂಪ್ಯೂಟರ್‌ನಲ್ಲಿ ಅನಿಮೇಷನ್ ಕಿರುಚಿತ್ರ ಮಾಡ್ತಿರೋ ಹುಡುಗ ಹುಡುಗಿಯರಿಗೆ ಇವತ್ತಿನ ಮಾತು. ಬ್ಲೆಂಡರ್ ಅನ್ನೋ ಅನಿಮೇಷನ್ ತಂತ್ರಾಂಶ ದುಡ್ಡು ಕೊಡದೆ ಸಿಗುತ್ತೆ. ಸುಮಾರಾದ ಒಂದು ಲ್ಯಾಪ್‌ಟಾಪ್ ಇದ್ರೆ ಹೆಂಚಿನ ಮನೆ, ಕಾಫಿ ತೋಟ, ಮಂಜು ಕವಿದ ಗುಡ್ಡ ಎಲ್ಲ ಚೆಂದವಾಗೇ ಕಟ್ಟಬಹುದು, ಕಟ್ಟುತ್ತಲೂ ಇದ್ದೀರಿ. ಆದ್ರೆ ಇಬ್ಬರು ಮಾತಿಗೆ ನಿಂತ ಕೂಡ್ಲೆ ಚಿತ್ರದ ಜೀವ ಹೋಗುತ್ತೆ. ಒಬ್ಬರು ಮಾತಾಡ್ತಾರೆ, ಇನ್ನೊಬ್ಬರು ಕಂಬದ ಹಾಗೆ ನಿಂತಿರ್ತಾರೆ. ಅವರದ್ದು ಮುಗೀತು, ಒಂದು ಸೆಕೆಂಡು ಮೌನ, ಈಗ ಇವರ ಸರದಿ.

ನೋಡಿದವರೆಲ್ಲ ಹೇಳೋದು ಒಂದೇ: "ಲಿಪ್‌ಸಿಂಕ್ ಸರಿ ಬಂದಿಲ್ಲ." ಅಂದ್ರೆ ಮಾತಿಗೂ ತುಟಿಗೂ ಹೊಂದಿಲ್ಲ ಅಂತ. ಮಾಡಿದವರು ಪಾಪ, ಇನ್ನೊಂದು ವಾರ ತುಟಿ ತಿದ್ದುತ್ತಾ ಕೂರ್ತಾರೆ. ಆ ವಾರ ದಂಡ ಅಂತ ನಾವು ಗಟ್ಟಿಯಾಗಿ ಹೇಳ್ತೀವಿ. ತುಟಿ ಕಟ್ಟಕಡೆಯ ಕೆಲಸ. ಅದಕ್ಕಿಂತ ಮೊದಲು ಕೆಟ್ಟಿರೋದು ಬರವಣಿಗೆ, ಆಮೇಲೆ ಧ್ವನಿ, ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳೋ ಪಾತ್ರ.

ಒಂದು ದೃಶ್ಯ ಇಟ್ಕೊಂಡೇ ಮಾತಾಡೋಣ. ಸಕಲೇಶಪುರದ ಕಡೆಯ ಒಂದು ಮನೆ ಜಗಲಿ. ಅಜ್ಜಿ ಮೊರದ ತುಂಬ ಅವರೆಕಾಯಿ ಹಾಕ್ಕೊಂಡು ಸುಲೀತಿದ್ದಾಳೆ. ಮೊಮ್ಮಗ ನಾಳೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಡ್ತಾನೆ, ಅದನ್ನ ಹೇಳಬೇಕು. ಸಾಮಾನ್ಯವಾಗಿ ಹೀಗೆ ಬರೀತಾರೆ: "ಅಜ್ಜಿ, ನಾನು ನಾಳೆ ಬೆಂಗಳೂರಿಗೆ ಹೋಗುತ್ತಿದ್ದೇನೆ. ನಿನ್ನನ್ನು ಬಿಟ್ಟು ಹೋಗಲು ನನಗೆ ಬಹಳ ದುಃಖವಾಗುತ್ತಿದೆ." ಹೀಗೆ ಯಾವ ಮೊಮ್ಮಗನೂ ಮಾತಾಡಲ್ಲ. ಭಾವನೆಯನ್ನ ಪಾತ್ರವೇ ಬಾಯಿಬಿಟ್ಟು ಹೇಳಿಬಿಟ್ರೆ ಮುಖಕ್ಕೆ ಮಾಡೋಕೆ ಕೆಲಸ ಉಳಿಯಲ್ಲ. ಅದೇ ಜಾಗದಲ್ಲಿ "ಅಜ್ಜಿ... ನಾಳೆ ಏಳೂವರೆ ಬಸ್ಸಿಗೆ ಹೊರಡ್ತೀನಿ" ಅಂತ ಅವನು, "ಸ್ವೆಟ್ರು ಹಾಕ್ಕೊಂಡೋಗು" ಅಂತ ಅವಳು. ಅಷ್ಟೇ ಸಾಕು. ದುಃಖ ಈಗ ಅನಿಮೇಷನ್ ಮಾಡೋರ ಪಾಲಿಗೆ ಬಂತು.

ಬರೆದದ್ದನ್ನ ಜೋರಾಗಿ ಓದಿ. "ಹೋಗುತ್ತಿದ್ದೇನೆ" ಅಂತ ನಾಲಿಗೆ ತಡವರಿಸಿದ ಕಡೆಯಲ್ಲೆಲ್ಲ ಮನೆಮಾತು ಹಾಕಿ. ಅದೂ ಯಾವ ಮನೆ ಅಂತ ನೋಡಬೇಕು. ಚನ್ನರಾಯಪಟ್ಟಣದ ಕಡೆ "ಯಾಕ್ಲಾ, ಎಲ್ಲೋಗಿದ್ದೆ" ಅನ್ನೋ ಪಾತ್ರ ಬೇರೆ, ಕೊಪ್ಪದ ಕಡೆ "ಎಂತ ಮಾರಾಯ" ಅನ್ನೋ ಪಾತ್ರ ಬೇರೆ. ಒಂದೇ ಮನೆಯವರ ಬಾಯಲ್ಲಿ ಎರಡೂ ಕೇಳಿಸಿದ್ರೆ ನಮ್ಮ ಜಿಲ್ಲೆಯವರು ಆ ಕ್ಷಣವೇ ಚಿತ್ರದಿಂದ ಹೊರಗೆ ಬಂದುಬಿಡ್ತಾರೆ.

ಈಗ ಧ್ವನಿ. ದುಬಾರಿ ಮೈಕ್ ಬೇಕಿಲ್ಲ, ಆದ್ರೆ ಜಾಗ ನೋಡ್ಕೊಳ್ಳಿ. ಹಳೇ ಮನೆಗಳ ಎತ್ತರದ ಹಜಾರದಲ್ಲಿ ದನಿ ಗುಂಯ್‌ಗುಡುತ್ತೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಆಗೋ ಮಾತೇ ಇಲ್ಲ. ಚಿಕ್ಕ ಕೋಣೆ, ಬಟ್ಟೆ ತುಂಬಿದ ಬೀರು ಬಾಗಿಲು ತೆರೆದಿಟ್ಟು, ಮಾತಾಡೋರ ಬೆನ್ನ ಹಿಂದೆ ಕಂಬಳಿ ಇಳಿಬಿಡಿ. ಫೋನ್ ಆದ್ರೆ ಏರೋಪ್ಲೇನ್ ಮೋಡ್‌ಗೆ ಹಾಕಿ ಬಾಯಿಂದ ಒಂದು ಗೇಣು ದೂರ ಇಡಿ. ನೇರ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ಎದುರಿಗಿಟ್ರೆ ಪ, ಬ, ಭ ಬಂದಾಗೆಲ್ಲ ಉಸಿರು ಬಡಿದು ಬುಸ್ ಅನ್ನುತ್ತೆ. 48 ಕಿಲೋಹರ್ಟ್ಸ್ ವೇವ್ (WAV) ಫೈಲಾಗಿ ರೆಕಾರ್ಡ್ ಮಾಡಿ, ಅತಿ ಜೋರು ಮಾತು ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟಬಾರದು. ಮುಗಿದ ಮೇಲೆ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಕೋಣೆಯ ಸದ್ದು ಹಿಡಿದಿಡಿ, ಕೊನೆಗೆ ಬೇಕಾಗುತ್ತೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡಿ. ಇದು ಬಹಳ ಮುಖ್ಯ. ಒಬ್ಬರು ಬೇಲೂರಿಂದ, ಒಬ್ಬರು ಕಡೂರಿಂದ ವಾಟ್ಸಾಪ್‌ನಲ್ಲಿ ಕಳಿಸಿದ ಧ್ವನಿ ಜೋಡಿಸಿದ್ರೆ ಏನಾಗುತ್ತೆ ಅಂದ್ರೆ, ಪ್ರತಿ ಫೈಲಿನ ಹಿಂದೆ ಮುಂದೆ ಅರ್ಧರ್ಧ ಸೆಕೆಂಡು ಖಾಲಿ ಇರುತ್ತೆ. ಹಾಗೇ ಸಾಲಾಗಿ ಇಟ್ರೆ ಮಾತು ಮಾತಿನ ನಡುವೆ ಒಂದು ಸೆಕೆಂಡು ಬಾವಿ. ನಿಜವಾದ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡೋ ಅಂತರ ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಲೆಕ್ಕದಲ್ಲಿ ಅದು ಸುಮಾರು ಐದು ಫ್ರೇಮು. ಜಗಳವಾದ್ರೆ ಅಂತರವೇ ಇರಲ್ಲ, ಮಾತಿನ ಮೇಲೆ ಮಾತು ಹತ್ತುತ್ತೆ. ಬೇರೆ ಬೇರೆ ರೆಕಾರ್ಡ್ ಮಾಡಲೇಬೇಕಾಗಿ ಬಂದ್ರೆ ತುದಿಗಳನ್ನ ಕತ್ತರಿಸಿ ಐದು ಫ್ರೇಮಿಗೆ ತನ್ನಿ. ಉದ್ದದ ಮೌನ ಎಲ್ಲಿ ಬೇಕು ಅಂತ ನೀವು ಆರಿಸಿದ ಒಂದೇ ಕಡೆ ಇಡಿ. ನಮ್ಮ ದೃಶ್ಯದಲ್ಲಿ ಅದು "ಹೊರಡ್ತೀನಿ" ಅಂದಮೇಲೆ.

ಇನ್ನು ಹೂಂಗುಟ್ಟೋದು. ನಮ್ಮಲ್ಲಿ ಕೇಳೋರು ಸುಮ್ಮನೆ ಕೇಳಲ್ಲ. ಹೂಂ, ಹಾಂ, ಅಯ್ಯೋ, ಹೌದಾ, ಬಾಯಲ್ಲಿ ಲೊಚಗುಟ್ಟೋದು, ಏನಾದ್ರೂ ಒಂದು ನಡೀತಾನೇ ಇರುತ್ತೆ. ಹೂಂ ಅನ್ನೋರು ಇಲ್ಲ ಅಂದ್ರೆ ಕಥೆ ಹೇಳೋ ಅಜ್ಜಿ ಅರ್ಧಕ್ಕೇ ನಿಲ್ಲಿಸಿ "ನಿದ್ದೆ ಬಂತೇನೋ" ಅಂತ ಕೇಳ್ತಾಳೆ. ನಿಮ್ಮ ಚಿತ್ರಗಳಲ್ಲಿ ಇದು ಪೂರ್ತಿ ಮಾಯ. ಹಾಗಾಗಿ ಸಂಭಾಷಣೆ ಮುಗಿದ ಮೇಲೆ ಪ್ರತಿ ಪಾತ್ರಧಾರಿಯಿಂದಲೂ ಹತ್ತು ಹನ್ನೆರಡು ಬಗೆಯ ಹೂಂ ತಗೊಳ್ಳಿ: ಒಪ್ಪಿದ ಹೂಂ, ಅನುಮಾನದ ಹೂಂ, ಬೇಸರದ ಹೂಂ, ಕಿವಿಗೇ ಹಾಕ್ಕೊಳ್ಳದ ಹೂಂ. ಅದನ್ನ ಇನ್ನೊಬ್ಬರ ಮಾತಿನ ಮಧ್ಯಕ್ಕೆ, ಮೆಲ್ಲಗೆ ಸೇರಿಸಿ. ಅನಿಮೇಷನ್ನಿಗೂ ಇದು ಸಲೀಸು: ತಲೆ ನಾಲ್ಕು ಫ್ರೇಮಲ್ಲಿ ಕೆಳಗೆ, ಆರು ಫ್ರೇಮಲ್ಲಿ ಮೇಲೆ, ಬಾಯಿ ಹೆಚ್ಚೂಕಡಿಮೆ ಮುಚ್ಚೇ ಇರುತ್ತೆ.

ಕೇಳೋ ಪಾತ್ರದ ಕಣ್ಣು ಎಲ್ಲರೂ ಕೈಬಿಡೋ ಜಾಗ. ಕಣ್ಣಿನ ಟಾರ್ಗೆಟ್ಟನ್ನ, ಅಂದ್ರೆ ಕಣ್ಣು ನೋಡೋ ಗುರಿಯನ್ನ, ಎದುರಿನವರ ಎರಡು ಕಣ್ಣಿನ ನಡುವೆ ಇಟ್ಟು, ಅವರ ತಲೆಯ ಬೋನಿಗೇ (ಪಾತ್ರವನ್ನ ಆಡಿಸೋ ಒಳಗಿನ ಮೂಳೆ) ಪೇರೆಂಟ್ ಮಾಡಿ, ಅಂದ್ರೆ ತಲೆ ಜೊತೆಗೇ ಚಲಿಸೋ ಹಾಗೆ ಕಟ್ಟಿ. ಸುಮ್ಮನೆ ಎಲ್ಲೋ ಗಾಳಿಯಲ್ಲಿಟ್ರೆ ಪಾತ್ರ ಕುರುಡಾಗಿ ಕಾಣುತ್ತೆ. ಆಮೇಲೆ ಸಣ್ಣ ಸಣ್ಣ ಜಿಗಿತ ಕೊಡಿ: ಎದುರಿನವರ ಒಂದು ಕಣ್ಣಿಂದ ಇನ್ನೊಂದಕ್ಕೆ, ಕಣ್ಣಿಂದ ಬಾಯಿಗೆ. ಜಿಗಿತ ಎರಡೇ ಫ್ರೇಮು, ಆಮೇಲೆ ಹತ್ತಿಪ್ಪತ್ತು ಫ್ರೇಮು ಕದಲಬಾರದು. ಬ್ಲೆಂಡರ್ ತಾನಾಗೇ ಕೊಡೋ ಬೆಜಿಯರ್ ನುಣುಪಲ್ಲಿ (ನಿಧಾನ ಶುರುವಾಗಿ ನಿಧಾನ ನಿಲ್ಲೋ ಚಲನೆ) ಕಣ್ಣು ಹತ್ತು ಫ್ರೇಮು ಜಾರ್ತಾ ಹೋದ್ರೆ ಅಮಲೇರಿದವರ ಹಾಗೆ ಕಾಣುತ್ತೆ. ತಲೆ ತಿರುಗಿಸೋವಾಗ ಮೊದಲು ಕಣ್ಣು, ಎರಡು ಮೂರು ಫ್ರೇಮ್ ಬಿಟ್ಟು ತಲೆ, ತಿರುಗೋ ನಡುವೆ ಒಂದು ಮಿಟುಕು. ಮಿಟುಕು ಮುಚ್ಚೋದು ಬೇಗ, ತೆರೆಯೋದು ಒಂಚೂರು ನಿಧಾನ. ಇಂತಿಷ್ಟು ಸೆಕೆಂಡಿಗೊಂದು ಅಂತ ಲೆಕ್ಕ ಹಾಕಿ ಮಿಟುಕಿಸಬೇಡಿ, ಯೋಚನೆ ಬದಲಾದಾಗ ಮಿಟುಕಿಸಿ.

ಈಗ ಅಜ್ಜಿಯ ಕೈಗೆ ಬರೋಣ. ಅವರೆಕಾಯಿ ಸುಲಿಯೋ ಬೆರಳುಗಳನ್ನ ಒಂದೊಂದಾಗಿ ಅನಿಮೇಟ್ ಮಾಡ್ತೀನಿ ಅಂತ ಹೊರಟ್ರೆ ತಿಂಗಳು ಹಿಡಿಯುತ್ತೆ, ಆದ್ರೂ ಕಾಯಿ ಬೆರಳಿನೊಳಗೆ ತೂರಿರುತ್ತೆ. ಕ್ಯಾಮೆರಾ ಚೌಕಟ್ಟನ್ನ ಮೊಣಕೈ ಮೇಲಕ್ಕೆ ಕತ್ತರಿಸಿ. ಹೆಗಲು, ತೋಳು ಒಂದು ಲಯದಲ್ಲಿ ಆಡಲಿ. ಸಿಪ್ಪೆ ಸೀಳೋ ಸದ್ದು, ಕಾಳು ಸ್ಟೀಲ್ ಪಾತ್ರೆಗೆ ಬೀಳೋ ಸದ್ದು ಬೇರೆಯಾಗಿ ರೆಕಾರ್ಡ್ ಮಾಡಿ ಹಾಕಿ. ನೋಡೋರು ಕೈಯನ್ನ ತಾವೇ ಕಂಡುಕೊಳ್ತಾರೆ. ಮೊಮ್ಮಗ ಹೊರಡೋ ಮಾತು ಎತ್ತಿದ ತಕ್ಷಣ ಆ ಲಯ ನಿಲ್ಲಬೇಕು. ವಾಕ್ಯ ಮುಗಿದ ಮೇಲೆ ಅಲ್ಲ, "ಬಸ್ಸಿಗೆ" ಅನ್ನೋ ಹೊತ್ತಿಗೇ. ಯಾಕಂದ್ರೆ ಅಜ್ಜಿಗೆ ಆಗಲೇ ಅರ್ಥ ಆಗಿದೆ. ಇಪ್ಪತ್ತು ಇಪ್ಪತ್ತೈದು ಫ್ರೇಮು ಹೆಗಲು ಸ್ಥಿರ, ಕಣ್ಣು ಮೊರದ ಮೇಲೇ, ಅವನ ಕಡೆ ಎತ್ತಲ್ಲ. ಆಮೇಲೆ ಒಂದು ಉಸಿರು, ಎದೆ ಆರೆಂಟು ಫ್ರೇಮಲ್ಲಿ ಏರುತ್ತೆ, ಕೈ ಮತ್ತೆ ಶುರು, ಅದರ ಮೇಲೆ "ಸ್ವೆಟ್ರು ಹಾಕ್ಕೊಂಡೋಗು." ಇಷ್ಟಕ್ಕೆ ಬೇಕಾಗೋ ಕೀಗಳು, ಅಂದ್ರೆ ಭಂಗಿ ಗುರುತು ಹಾಕಿಡೋ ಫ್ರೇಮುಗಳು, ಬೆರಳೆಣಿಕೆಯಷ್ಟು. ಎಚ್ಚರಿಕೆ ಒಂದೇ: ನಿಂತ ಭಂಗಿಯ ಕೀಯನ್ನ ಮುಂದಕ್ಕೂ ಕಾಪಿ ಮಾಡಿಡಿ. ಇಲ್ಲ ಅಂದ್ರೆ ಮುಂದಿನ ಭಂಗಿಯ ಕಡೆಗೆ ಮೈ ಈಗಿಂದಲೇ ತೇಲೋಕೆ ಶುರುವಾಗುತ್ತೆ, ನಿಂತದ್ದು ನಿಂತ ಹಾಗೆ ಕಾಣೋದೇ ಇಲ್ಲ.

ನಿಂತು ಮಾತಾಡೋ ಪಾತ್ರಗಳಿಗೆ ಭಂಗಿ ಕಲಿಯೋಕೆ ದೂರ ಹೋಗಬೇಕಿಲ್ಲ. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಲ್ಲಿನ ಮದನಿಕೆಯರನ್ನ ಸುಮ್ಮನೆ ಫೋಟೋ ತೆಗೆದು ಬರಬೇಡಿ, ಪೆನ್ಸಿಲ್ ಹಿಡಿದು ಸೊಂಟದ ಗೆರೆ, ಹೆಗಲ ಗೆರೆ ಎಳೆದು ನೋಡಿ. ಭಾರ ಒಂದು ಕಾಲ ಮೇಲೆ, ಸೊಂಟ ಒಂದು ಕಡೆ ವಾಲಿದ್ರೆ ಹೆಗಲು ಇನ್ನೊಂದು ಕಡೆ. ನಿಮ್ಮ ಪಾತ್ರಗಳ ಆ ಎರಡೂ ಗೆರೆ ನೆಲಕ್ಕೆ ಸಮಾನಾಂತರ, ಎರಡೂ ಕೈ ಒಂದೇ ಸಲ ಮೇಲೇಳುತ್ತೆ. ಮಾತಾಡೋಕೆ ಮುಂಚೆಯೇ ಗೊಂಬೆ ಅಂತ ಗೊತ್ತಾಗಿಬಿಡುತ್ತೆ.

ಕಟ್ ಬಗ್ಗೆ ಒಂದೇ ಮಾತು. ಪ್ರತಿ ವಾಕ್ಯದ ಕೊನೆಗೆ ಕಟ್ ಮಾಡಬೇಡಿ. ಮುಖ್ಯವಾದ ಮಾತು ಅರ್ಧದಲ್ಲಿರೋವಾಗಲೇ ಕೇಳೋರ ಮುಖಕ್ಕೆ ಹೋಗಿ, ಮಾತು ಹಿಂದಿನಿಂದ ಮುಂದುವರೀಲಿ. ಅಷ್ಟು ಹೊತ್ತು ತುಟಿಯ ಕೆಲಸವೂ ಉಳೀತು.

ಕೊನೆಗೂ ತುಟಿ. ಫ್ರೇಮ್ ರೇಟ್ ಮೊದಲೇ 24 ಅಂತ ಗಟ್ಟಿ ಮಾಡಿ, ಆಮೇಲೆ ಬದಲಾಯಿಸಿದ್ರೆ ಕೂರಿಸಿದ್ದೆಲ್ಲ ಜಾರುತ್ತೆ. ಬ್ಲೆಂಡರ್ ಟೈಮ್‌ಲೈನಿನ ಪ್ಲೇಬ್ಯಾಕ್ ಮೆನುವಿನಲ್ಲಿ ಸಿಂಕ್ ಟು ಆಡಿಯೋ (ಚಿತ್ರ ಸದ್ದಿನ ಜೊತೆಗೇ ಓಡೋಕೆ) ಮತ್ತು ಆಡಿಯೋ ಸ್ಕ್ರಬಿಂಗ್ (ಫ್ರೇಮ್ ಎಳೆದಾಗ ಸದ್ದು ಕೇಳೋಕೆ) ಹಾಕಿ. ರುಬಾರ್ಬ್ ಲಿಪ್‌ಸಿಂಕ್ ಅನ್ನೋ ಉಚಿತ ತಂತ್ರಾಂಶ ಮೊದಲ ಕರಡು ಮಾಡಿಕೊಡುತ್ತೆ. ಅದು ತಾನಾಗಿ ಇಂಗ್ಲಿಷಿಗೆ ಹೊಂದಿಸಿರುತ್ತೆ, ಕನ್ನಡಕ್ಕೆ ಫೊನೆಟಿಕ್ ಅನ್ನೋ ರೆಕಗ್ನೈಸರ್ (ಮಾತು ಗುರುತಿಸೋ ವಿಧಾನ) ಆರಿಸಿ.

ಅಕ್ಷರಕ್ಕೊಂದು ಬಾಯಿ ಇಟ್ರೆ ಬಾಯಿ ನಡುಗುತ್ತೆ. ವೇಗದ ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೆ ಸಿಗೋದೇ ನಾಲ್ಕು ಫ್ರೇಮು. ಟ, ಡ, ಣ, ಳ ಹುಟ್ಟೋದು ಬಾಯೊಳಗೆ, ಹೊರಗಿಂದ ಕಾಣೋದು ಕಡಿಮೆ, ಅವನ್ನ ಬಿಡಿ. ಬಿಡಬಾರದ್ದು ಎರಡು: ತುಟಿ ಮುಚ್ಚೋ ಪ, ಫ, ಬ, ಭ, ಮ, ಮತ್ತು ತುಟಿ ದುಂಡಾಗೋ ಉ, ಒ. "ಅಮ್ಮ, ಊಟ ಆಯ್ತಾ" ತಗೊಳ್ಳಿ. ಬಾಯಲ್ಲಿ ಅದು "ಅಮ್ಮ ಊಟಾಯ್ತಾ". ಅ ಮೂರು ಫ್ರೇಮು ತೆರೆದ ಬಾಯಿ. ಮ್ಮ ಒತ್ತಕ್ಷರ, ಐದು ಫ್ರೇಮು ತುಟಿ ಬಿಗಿದಿರಬೇಕು. ಇಲ್ಲೇ ಎಲ್ಲರೂ ಒಂದೇ ಫ್ರೇಮು ಮುಚ್ಚಿ ಕೆಡಿಸೋದು. ಮತ್ತೆ ಅ ಮೂರು, ಊ ಆರು ಫ್ರೇಮು ದುಂಡಗೆ, ಟಾ ಐದು, ಯ್ ಬಂದಾಗ ಎರಡು ಫ್ರೇಮು ತುಟಿ ಅಗಲ, ತಾ ತೆರೆದು ಇಳಿಯುತ್ತೆ. ಮುಚ್ಚೋ ತುಟಿ ಸದ್ದಿಗಿಂತ ಒಂದೆರಡು ಫ್ರೇಮು ಮುಂಚೆ ಬರಲಿ, ಒಂಟಿ ಮ ಆದ್ರೂ ಕನಿಷ್ಠ ಎರಡು ಫ್ರೇಮು ನಿಲ್ಲಲಿ. ದವಡೆಯ ಬೋನನ್ನ ದನಿಯ ಏರಿಳಿತಕ್ಕೆ ಬಿಡಿ, ತುಟಿಯ ಶೇಪ್ ಕೀ (ಮೊದಲೇ ಉಳಿಸಿಟ್ಟ ತುಟಿಯ ಆಕಾರ) ಅಕ್ಷರಕ್ಕೆ. ಅಜ್ಜಿ ಮೆಲ್ಲಗೆ ಮಾತಾಡಿದ್ರೆ ದವಡೆ ಅಷ್ಟಾಗಿ ಅಲ್ಲಾಡಬಾರದು.

ರೆಂಡರ್‌ಗೆ, ಅಂದ್ರೆ ಕೊನೆಯ ಚಿತ್ರ ತೆಗೆಯೋಕೆ, ಮುಂಚೆ ಸದ್ದು ತೆಗೆದು ಒಮ್ಮೆ ನೋಡಿ, ಕಣ್ಮುಚ್ಚಿ ಬಾನುಲಿ ನಾಟಕದ ಹಾಗೆ ಒಮ್ಮೆ ಕೇಳಿ. ಸದ್ದಿಲ್ಲದೆ ನೋಡಿದಾಗ ಯಾರು ಯಾರಿಗೆ ನೋವು ಕೊಟ್ರು ಅಂತ ತಿಳಿಯದಿದ್ರೆ ಕೇಳೋ ಪಾತ್ರದ ಕೀಗಳನ್ನ ತಿದ್ದಿ. ಕಣ್ಮುಚ್ಚಿ ಕೇಳಿದಾಗ ಕಟ್ ಕಟ್ಟಿಗೂ ಹಿನ್ನೆಲೆ ಸದ್ದು ಪಟಕ್ಕನೆ ಬದಲಾದ್ರೆ ಆ ಅರ್ಧ ನಿಮಿಷದ ಕೋಣೆಯ ಸದ್ದನ್ನ ಇಡೀ ದೃಶ್ಯದ ಕೆಳಗೆ ಹಾಸಿ. ಮಳೆ ಬೇಕಿದ್ರೆ ಅದರ ಮೇಲೆ ಇನ್ನೊಂದು ಟ್ರ್ಯಾಕು, ಫೋನಿನ ಸ್ಪೀಕರ್‌ನಲ್ಲಿ ಹಾಕಿದಾಗ ಅಜ್ಜಿಯ ಮಾತು ಒಂದಕ್ಷರವೂ ತಪ್ಪದೆ ಕೇಳೋವಷ್ಟು ಮೆಲ್ಲಗೆ.