ಜಗಲಿಯಲ್ಲಿ ಕುಳಿತು ಮಾಡುವ ಕೆಲಸ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳ ಅಂಗಳಕ್ಕೆ ನಾನು ಕಾಲಿಟ್ಟ ಕೂಡಲೇ "ಟೀಚರ್ ಬಂದರು" ಅನ್ನುತ್ತಾರೆ. ನಾನು ಪಾಠ ಹೇಳುವವಳಲ್ಲ. ಅಂಗವೈಕಲ್ಯ ಇರುವವರ ಪುನರ್ವಸತಿ ಸಮಾಲೋಚಕಿ. ಹೆಸರು ಉದ್ದವಾಯಿತು, ಕೆಲಸ ಸರಳ. ಡಾಕ್ಟರು ಮದ್ದು ಬರೆದಿರುತ್ತಾರೆ, ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಟ್ಟಿರುತ್ತಾರೆ. ಅವರೆಲ್ಲ ಹೋದ ಮೇಲೆ ಮನೆಯಲ್ಲಿ "ಇನ್ನು ಮುಂದೆ ಹೇಗೆ?" ಎಂಬ ಒಂದು ಪ್ರಶ್ನೆ ಉಳಿದಿರುತ್ತದೆ. ಆ ಪ್ರಶ್ನೆಯ ಜೊತೆ ಜಗಲಿಯಲ್ಲಿ ಕುಳಿತುಕೊಳ್ಳುವುದೇ ನನ್ನ ಕೆಲಸ. ಪ್ರಾಯ ಬದಲಾದ ಹಾಗೆ ಆ ಪ್ರಶ್ನೆಯೂ ಬದಲಾಗುತ್ತಾ ಹೋಗುತ್ತದೆ.

ಮೊದಲು ಪುಟ್ಟ ಮಕ್ಕಳ ಮನೆ. ಮಗುವಿಗೆ ಕತ್ತು ನಿಲ್ಲಲಿಲ್ಲ, ಕರೆದರೆ ತಿರುಗಲಿಲ್ಲ ಎಂದು ಗೊತ್ತಾದ ದಿನದಿಂದ ಆ ತಾಯಿ ಒಂದೇ ಲೆಕ್ಕ ಹಾಕುತ್ತಿರುತ್ತಾಳೆ: ಬಸುರಿಯಾಗಿದ್ದಾಗ ನಾನೇನು ತಪ್ಪು ಮಾಡಿದೆ? ಸುತ್ತಲಿನವರು ಬಾಯಿ ಬಿಟ್ಟು ಹೇಳದಿದ್ದರೂ ಮುಖದಲ್ಲಿ ಹೇಳಿರುತ್ತಾರೆ. ನಮ್ಮೂರಿನ ಗೇರು ತೋಟಗಳ ಮೇಲೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಕುಡಿಯುವ ನೀರಿಗೆ ಗುಡ್ಡ ಕೊರೆದು ಮಾಡಿದ ಸುರಂಗದ ಮೇಲೂ ತೋಡಿನ ಮೇಲೂ ಅದು ಬಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ಬಳಕೆಯನ್ನೇ ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಆದೇಶಿಸಿತು. ಇಷ್ಟೆಲ್ಲ ಆದ ಮೇಲೂ ಎಷ್ಟೋ ಅಮ್ಮಂದಿರು ತಪ್ಪನ್ನು ತಮ್ಮ ಹೊಟ್ಟೆಯಲ್ಲೇ ಹುಡುಕುತ್ತಿದ್ದಾರೆ. ಅದನ್ನು ಅವರ ಮನಸ್ಸಿನಿಂದ ಇಳಿಸದೆ ಬೇರೆ ಯಾವ ಮಾತೂ ಒಳಗೆ ಹೋಗುವುದಿಲ್ಲ.

ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದೇವೆ, ಪರಿಹಾರ ಮಾಡಿಸುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ಪೂಜೆ ಮಾಡಿಸಿ, ಆದರೆ ಅದಕ್ಕಾಗಿ ಒಂದು ದಿನದ ವ್ಯಾಯಾಮವನ್ನೂ ತಪ್ಪಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೊದಲ ಮೂರು ವರ್ಷಗಳಲ್ಲಿ ಮಿದುಳು ಕಲಿಯುವಷ್ಟು ವೇಗವಾಗಿ ಮತ್ತೆಂದೂ ಕಲಿಯುವುದಿಲ್ಲ.

ಭಾಷೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಒಂದು ಕಡೆ ನಾಲ್ಕು ವರ್ಷದ ಹುಡುಗಿಯನ್ನು ಪರೀಕ್ಷೆಗೆ ಕೂರಿಸಿದ್ದರು. ತೆಂಗಿನಕಾಯಿಯ ಚಿತ್ರ ತೋರಿಸಿ ಮಲಯಾಳದಲ್ಲಿ ಕೇಳಿದರು. ಮಗು "ತಾರಾಯಿ" ಅಂದಿತು. ದನದ ಚಿತ್ರಕ್ಕೆ "ಪೆತ್ತ" ಅಂದಿತು. ಎರಡೂ ಸರಿಯಾದ ತುಳು. ಹಾಳೆಯ ಮೇಲೆ ಎರಡೂ ತಪ್ಪಾದವು. ಮಗುವಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆಯಲು ಕುಳಿತವರು, ಮಗುವಿಗೆ ಮಲಯಾಳ ಎಷ್ಟು ಬರುತ್ತದೆ ಎಂದು ಅಳೆದು ಕಳಿಸಿದ್ದರು. ಮನೆಯಲ್ಲಿ ತುಳುವೋ ಹವ್ಯಕವೋ ಮರಾಟಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಸುಖವಾಗಿರುವ ಮಗು ಈ ಮೂರನ್ನೂ ಆಟವಾಡುತ್ತಲೇ ದಾಟುತ್ತದೆ. ಮಾತೇ ಕಷ್ಟವಾದ ಮಗುವಿಗೆ ಅದು ಗುಡ್ಡ ಹತ್ತಿದ ಹಾಗೆ. ಹಾಗಾಗಿ ತಂದೆ ತಾಯಂದಿರೇ, ಪರೀಕ್ಷೆಗೆ ಹೋದಾಗ ಮನೆಮಾತಿನಲ್ಲಿ ಕೇಳಿ ಎಂದು ಧೈರ್ಯವಾಗಿ ಹೇಳಿ. ನೀವೇ ಪಕ್ಕದಲ್ಲಿ ಕುಳಿತು ಅರ್ಥ ಹೇಳಿ. ಕೇರಳದ 1969ರ ರಾಜಭಾಷಾ ಕಾಯ್ದೆಯಲ್ಲಿ ಕನ್ನಡಿಗರಿಗೆ ಕನ್ನಡದಲ್ಲೇ ಸರ್ಕಾರದ ಜೊತೆ ವ್ಯವಹರಿಸುವ ಅವಕಾಶವಿದೆ.

ಶಾಲೆಯ ವಿಷಯ ಈಗ ಅನೇಕರಿಗೆ ಗೊತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ವೈಕಲ್ಯ ಶೇಕಡಾ 40ಕ್ಕೆ ಕಡಿಮೆಯಿಲ್ಲ ಎಂದು ಪ್ರಮಾಣಪತ್ರ ಸಿಕ್ಕ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಗಾದರೂ ಹಾಕಬಹುದು, ವಿಶೇಷ ಶಾಲೆಗಾದರೂ ಹಾಕಬಹುದು. ಪಂಚಾಯತುಗಳು ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಜೊತೆ ಸೇರಿ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳೂ ಇವೆ.

ಯಾರೂ ಬಾಯಿ ಬಿಡದ ವಿಷಯ ಹನ್ನೆರಡು ಹದಿಮೂರರಲ್ಲಿ ಶುರುವಾಗುತ್ತದೆ. ಬುದ್ಧಿ ಬೆಳವಣಿಗೆ ನಿಧಾನವಾದ ಹುಡುಗಿಯ ದೇಹ ನಿಧಾನವಾಗುವುದಿಲ್ಲ. ಮುಟ್ಟಾದಾಗ ಬಟ್ಟೆ ಹೇಗೆ ಬದಲಿಸಬೇಕು, ಯಾರು ಎಲ್ಲಿ ಮುಟ್ಟಬಾರದು, ಬಾಗಿಲು ಹಾಕಿಕೊಂಡೇ ಬಟ್ಟೆ ಕಳಚಬೇಕು. ಇದನ್ನು ಗೊಂಬೆ ಇಟ್ಟುಕೊಂಡು, ನೂರು ಸಲ, ಬೇಸರವಿಲ್ಲದೆ ಕಲಿಸಬೇಕು. "ಅದಕ್ಕೆ ಏನು ಗೊತ್ತಾಗುತ್ತದೆ ಟೀಚರೇ" ಅನ್ನುವವರಿದ್ದಾರೆ. ಮೊದಲು "ಅದು" ಅನ್ನುವುದನ್ನು ಬಿಡಿ, "ಅವಳು" ಅನ್ನಿ ಎಂದು ಬೇಡಿಕೊಳ್ಳುತ್ತೇನೆ.

ಹದಿನೆಂಟು ತುಂಬಿದ ದಿನ ಇನ್ನೊಂದು ತಿರುವು. ಕಾನೂನಿನ ಕಣ್ಣಿನಲ್ಲಿ ಮಗ ದೊಡ್ಡವನಾದ. ಅಲ್ಲಿಂದ ಮುಂದೆ ಅಪ್ಪ ಅಮ್ಮನೂ ತಾನಾಗಿ ಪೋಷಕರಲ್ಲ. ಬ್ಯಾಂಕಿನವರು ಕಾಗದ ಕೇಳಿದಾಗಲೇ ಎಷ್ಟೋ ಮನೆಗಳಿಗೆ ಇದು ಗೊತ್ತಾಗುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟರೆ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತಾರೆ. ಜಿಲ್ಲಾ ಕಲೆಕ್ಟರು ಆ ಸಮಿತಿಯಲ್ಲಿರುತ್ತಾರೆ. ಆದರೆ ಕಾಗದಕ್ಕಿಂತ ಮೊದಲು ನಾನು ಆ ಹುಡುಗನ ಕೈ ನೋಡುತ್ತೇನೆ. ಒಂದು ಮನೆಯಲ್ಲಿ ಮಾತು ಬಾರದ ಇಪ್ಪತ್ತರ ಹುಡುಗ ಅಂಗಳದಲ್ಲಿ ಕುಳಿತು ಅಡಿಕೆ ಆರಿಸುತ್ತಿದ್ದ. ಒಳ್ಳೆಯದು ಒಂದು ಕಡೆ, ಕೀಳು ದರ್ಜೆಯ ಪಟೋರ ಒಂದು ಕಡೆ, ಕೋಕ ಒಂದು ಕಡೆ. ಕಣ್ಣು ಎಲ್ಲೋ ಇತ್ತು, ಬೆರಳಿಗೆ ಮಾತ್ರ ಎಲ್ಲ ಗೊತ್ತಿತ್ತು. ಇವನಿಗೆ ಯಾವ ಕೆಲಸವೂ ಬಾರದು ಎಂದು ಬರೆದ ಕಾಗದ ಒಳಗೆ ಕಪಾಟಿನಲ್ಲಿತ್ತು! ಈಗ ಅವನು ದಿನಕ್ಕೆ ಅರ್ಧ ಹೊತ್ತು ಪಕ್ಕದ ತೋಟದವರಲ್ಲಿ ಅಡಿಕೆ ಆರಿಸುತ್ತಾನೆ. ಸಂಬಳ ಅವನ ಕೈಗೇ ಕೊಡಬೇಕು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ.

ವೈಕಲ್ಯ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ನಮ್ಮ ಕಡೆ ಅದು ಅಡಿಕೆ ಮರದಿಂದಲೂ ಬರುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಹತ್ತಿ, ಕೈ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಒಬ್ಬರನ್ನು ನೋಡಲು ಹೋಗುತ್ತಿದ್ದೆ. ನಲವತ್ತರ ಒಳಗಿನ ಪ್ರಾಯ, ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ಮನೆಗೆ ಹೋಗಬೇಕಾದರೆ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಸರ್ಕಾರ ಕೊಟ್ಟ ಗಾಲಿಕುರ್ಚಿ ಆ ಸಂಕದ ಆಚೆ, ಪ್ಲಾಸ್ಟಿಕ್ ಹೊದೆಸಿಕೊಂಡು ನಿಂತಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅವರ ಹೆಂಡತಿ ರಾತ್ರಿ ಅಲಾರಂ ಇಟ್ಟುಕೊಂಡು ಏಳುತ್ತಿದ್ದರು.

ಮೊದಲ ಮೂರು ಭೇಟಿಯಲ್ಲಿ ಅವರು ನನ್ನತ್ತ ತಿರುಗಲೇ ಇಲ್ಲ. ನಾನೂ ಒತ್ತಾಯ ಮಾಡಲಿಲ್ಲ. ನಾಲ್ಕನೆಯ ಸಲ, ನಮ್ಮ ಮನೆಯ ಅಡಿಕೆಗೆ ಮದ್ದು ಬಿಟ್ಟರೂ ಕೊಳೆ ನಿಲ್ಲಲಿಲ್ಲ ಎಂದೆ. ಅದು ನಿಜವೇ ಆಗಿತ್ತು. ತಟ್ಟನೆ ತಿರುಗಿದರು. "ಸುಣ್ಣ ಎಷ್ಟು ಹಾಕಿದ್ದೀರಿ ಅಕ್ಕ? ನೂರು ಲೀಟರಿಗೆ ಮೈಲುತುತ್ತು ಒಂದು ಕಿಲೋ ಆದರೆ ಸುಣ್ಣವೂ ಒಂದು ಕಿಲೋ ಬೇಕು. ಕತ್ತಿ ಅದ್ದಿ ನೋಡಿದ್ದೀರಾ? ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ." ಅರ್ಧ ಗಂಟೆ ಮಾತಾಡಿದರು. ಯಾರ ತೋಟದಲ್ಲಿ ಎಷ್ಟು ಮರ, ಯಾವಾಗ ಕೊಯ್ಲು, ಯಾವ ಹುಡುಗರು ಹತ್ತುತ್ತಾರೆ, ಎಲ್ಲವೂ ಅವರ ತಲೆಯಲ್ಲಿತ್ತು. ಕಾಲು ಹೋಗಿತ್ತು, ಕಸುಬು ಹೋಗಿರಲಿಲ್ಲ. ಪಂಚಾಯತಿಗೆ ಅಲೆದು ಸಂಕದ ಜಾಗದಲ್ಲಿ ಕಾಂಕ್ರೀಟ್ ಹಾಕಿಸಲು ಹನ್ನೊಂದು ತಿಂಗಳಾಯಿತು. ಈಗ ಅವರು ಹತ್ತುವವರನ್ನು ಫೋನಿನಲ್ಲಿ ಗೊತ್ತು ಮಾಡಿ, ಮದ್ದು ಕಲಸುವಲ್ಲಿ ಗಾಲಿಕುರ್ಚಿಯಲ್ಲಿ ಹೋಗಿ ನಿಲ್ಲುತ್ತಾರೆ. ಹತ್ತುವ ಪ್ರತಿಯೊಬ್ಬನ ಸೊಂಟಕ್ಕೂ ಬೆಲ್ಟು ಇದೆಯೋ ಎಂದು ಅವರೇ ಎಳೆದು ನೋಡುತ್ತಾರೆ.

ಕೊನೆಯ ಮನೆ ನನಗೆ ಎಲ್ಲಕ್ಕಿಂತ ಕಷ್ಟದ್ದು. ಅಮ್ಮನಿಗೆ ಎಪ್ಪತ್ತೆರಡು, ಮಗನಿಗೆ ನಲವತ್ತು. ಅವನನ್ನು ಇವತ್ತಿಗೂ ಅವರೇ ಎತ್ತಿ ಕೂರಿಸುತ್ತಾರೆ. "ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?" ಎಂದು ಕೇಳಿದಾಗ, ದೇವರಿದ್ದಾನೆ ಎಂದು ಹೇಳಿ ಎದ್ದು ಬರಲು ನನ್ನಿಂದ ಆಗಲಿಲ್ಲ. ಒಂದು ನೋಟ್‌ಬುಕ್ ಕೊಟ್ಟೆ. ಅವನ ಬಗ್ಗೆ ನಿಮಗೊಬ್ಬರಿಗೇ ಗೊತ್ತಿರುವುದನ್ನೆಲ್ಲ ಇದರಲ್ಲಿ ಬರೆಯಿರಿ ಅಮ್ಮ, ನಾಳೆ ನೋಡುವವರು ಯಾರೇ ಆಗಲಿ, ಅವರಿಗೆ ಅವನು ಅಪರಿಚಿತನಾಗಬಾರದು ಎಂದೆ. ಪೋಷಕರಾಗಲು ಅವರ ತಮ್ಮನ ಮಗ ಒಪ್ಪಿದ್ದಾನೆ. ತಿಂಗಳಿಗೆ ಎರಡು ದಿನ ಅವನೂ ಹೆಂಡತಿಯೂ ಬಂದು ಉಳಿಯುತ್ತಾರೆ, ಊಟ ಮಾಡಿಸಲು ಕಲಿಯುತ್ತಾರೆ.

ಮೊನ್ನೆ ಹೋದಾಗ ಪುಸ್ತಕದಲ್ಲಿ ಹದಿನೇಳು ಪುಟ ತುಂಬಿತ್ತು. ಮಾತು ತುಳು, ಅಕ್ಷರ ಕನ್ನಡ. ಗಂಜಿ ತುಂಬಾ ಬಿಸಿ ಇರಬಾರದು. ಗುಡುಗಿದರೆ ಹೆದರುತ್ತಾನೆ, ಕಿವಿ ಮುಚ್ಚಿ ಹಿಡಿಯಬೇಕು. ಎಡಗೈ ಎರಡು ಸಲ ತಟ್ಟಿದರೆ ನೀರು ಬೇಕು ಎಂದರ್ಥ. ಅದರ ಕೆಳಗೆ ಬೇರೆ ಅಕ್ಷರದಲ್ಲಿ, ತಮ್ಮನ ಸೊಸೆ ಬರೆದಿದ್ದಳು: ಮೂರು ಸಲ ತಟ್ಟಿದರೆ ರೇಡಿಯೋ ಹಾಕಬೇಕು.

ನಮಸ್ಕಾರ.