ಕೇಟಿ ಬೀಳುವ ಮೊದಲೇ

ಕೇಳುಗರಿಗೆ ನಮಸ್ಕಾರ. ಮುಂಬಯಿಯ ಕಾಲೇಜು ಮಕ್ಕಳ ಬಾಯಲ್ಲಿ ಸದಾ ಇರುವ ಮಾತು ‘ಕೇಟಿ’. ಕಾಗದದ ಮೇಲೆ ಅದು ಎಟಿಕೆಟಿ, ಅಂದರೆ ‘ಅಲೌಡ್ ಟು ಕೀಪ್ ಟರ್ಮ್ಸ್’. ಒಂದೆರಡು ವಿಷಯ ಫೇಲಾದರೂ ಮುಂದಿನ ಸೆಮಿಸ್ಟರಿಗೆ ಹೋಗು, ಉಳಿದದ್ದನ್ನು ಆಮೇಲೆ ಬರೆದು ಪಾಸಾಗು ಅಂತ ಕೊಡುವ ಅವಕಾಶ. ಒಳ್ಳೆಯದೇ. ಆದರೆ ಎಷ್ಟೋ ಕಡೆ ರಿಮೀಡಿಯಲ್ ಪಾಠ, ಅಂದರೆ ಹಿಂದುಳಿದವರಿಗೆ ಹೇಳುವ ಹೆಚ್ಚಿನ ಪಾಠ, ಶುರುವಾಗುವುದೇ ಕೇಟಿ ಬಿದ್ದ ಮೇಲೆ. ನನ್ನ ತಕರಾರು ಅದೇ.

ಭಾನುವಾರ ಬೆಳಿಗ್ಗೆ ಮಾಟುಂಗದಲ್ಲಿ ಕೆಲವು ಮೊದಲ ವರ್ಷದ ಬಿಕಾಂ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಅವರಲ್ಲೊಬ್ಬಳು ಹತ್ತರವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು. ‘ಪ್ರಾಬಬಿಲಿಟಿ’ ಅಂದಾಗ ತಲೆ ಬಗ್ಗಿಸಿ ಕೂತಳು. ‘ಸಂಭವನೀಯತೆ ಕಣಮ್ಮ’ ಅಂದೆ. ಮುಖ ಎತ್ತಿದಳು. ಎರಡು ದಾಳ ಎಸೆದರೆ ಮೊತ್ತ ಏಳು ಬರುವುದು ಎಷ್ಟರಲ್ಲಿ ಎಷ್ಟು ಸಲ ಅಂತ ಕೇಳಿದೆ, ಪೆನ್ನು ಮುಟ್ಟದೆ 36ರಲ್ಲಿ 6 ಅಂದಳು. ಇಂಥ ಹುಡುಗಿಯ ಹೆಸರನ್ನು ಅವಳ ಕಾಲೇಜು ‘ವೀಕ್’ ಅನ್ನುವ ಪಟ್ಟಿಗೆ ಸೇರಿಸಿ ಗೋಡೆಗೆ ಅಂಟಿಸಿತ್ತು! ಲೆಕ್ಕ ಅವಳಿಗೆ ಗೊತ್ತಿತ್ತು, ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ, ಅಷ್ಟೇ ಅಲ್ವಾ?

ಅಮೆರಿಕದ ಕಮ್ಯೂನಿಟಿ ಕಾಲೇಜುಗಳಲ್ಲೂ, ಅಂದರೆ ಅಲ್ಲಿನ ಎರಡು ವರ್ಷದ ಕಾಲೇಜುಗಳಲ್ಲೂ, ಬಹಳ ವರ್ಷ ಈ ರಿಮೀಡಿಯಲ್ ಪಾಠದ್ದೇ ತೊಂದರೆ ಇತ್ತು. ಸೇರುವಾಗ ಒಂದು ಪರೀಕ್ಷೆ. ಅಂಕ ಕಡಿಮೆ ಬಂದರೆ ಮೊದಲು ರಿಮೀಡಿಯಲ್ ಕ್ಲಾಸು, ಅದಕ್ಕೂ ಫೀಸು, ಡಿಗ್ರಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ. ಅಸಲು ಕ್ಲಾಸಿನ ಬಾಗಿಲು ಮುಟ್ಟುವ ಮೊದಲೇ ಎಷ್ಟೋ ಮಕ್ಕಳು ಕಾಲೇಜು ಬಿಟ್ಟರು. 2007ರಲ್ಲಿ ಬಾಲ್ಟಿಮೋರ್ ಕೌಂಟಿಯ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಪೀಟರ್ ಆಡಮ್ಸ್ ಮತ್ತು ಅವರ ಜೊತೆಯವರು ಕ್ರಮವನ್ನೇ ಬದಲಿಸಿದರು. ಹಿಂದುಳಿದ ಎಂಟು ಮಕ್ಕಳನ್ನು 20 ಮಕ್ಕಳ ಮಾಮೂಲಿ ಕ್ಲಾಸಿನಲ್ಲೇ ಕೂರಿಸಿ, ಕ್ಲಾಸು ಮುಗಿದ ಮೇಲೆ ಆ ಎಂಟು ಮಂದಿಗೆ ಅದೇ ಮೇಷ್ಟ್ರು ಮತ್ತೆ ಪಾಠ ಹೇಳುವುದು. ಹೀಗೆ ಜೊತೆಜೊತೆಗೆ ಕಲಿತವರು ಹೆಚ್ಚು ಮಂದಿ ಪಾಸಾದರು. 2017ರಲ್ಲಿ ಕ್ಯಾಲಿಫೋರ್ನಿಯಾ ಇದಕ್ಕಾಗಿ ಕಾನೂನೇ ಮಾಡಿತು, ಮಕ್ಕಳನ್ನು ಸುಮ್ನೆ ರಿಮೀಡಿಯಲ್ಲಿಗೆ ತಳ್ಳುವ ಹಾಗಿಲ್ಲ ಅಂತ.

ನಮಗೆ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಕಾಲೇಜು ಶುರುವಾದ ಮೊದಲ ತಿಂಗಳಲ್ಲೇ ಟೈಮ್‌ಟೇಬಲ್ಲಿನಲ್ಲಿ ವಾರಕ್ಕೆರಡು ಗಂಟೆ ಸಿಕ್ಕರೂ ಸಾಕು, ಆದರೆ ಅದನ್ನು ಆ ವಿಷಯದ ಮೇಷ್ಟ್ರೇ ತೆಗೆದುಕೊಳ್ಳಬೇಕು. ಗೋಡೆಗೆ ಪಟ್ಟಿ ಮಾತ್ರ ಬೇಡ, ದಯವಿಟ್ಟು. ಅಪ್ಪ ಅಮ್ಮಂದಿರೇ, ಮಾರ್ಕ್ಸ್ ಎಷ್ಟು ಅಂತ ಕೇಳುವ ಮೊದಲು ಇವತ್ತು ಯಾವ ಪದ ಅರ್ಥವಾಗಲಿಲ್ಲ ಅಂತ ಕೇಳಿ. ನೀವು ಕಾಲೇಜು ಮೆಟ್ಟಿಲು ಹತ್ತದಿದ್ದರೂ ಪರವಾಗಿಲ್ಲ, ಕೇಳಿ.

ಆ ಹುಡುಗಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ, ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ. ಕಳೆದ ಭಾನುವಾರ ‘ಡಿಪ್ರಿಸಿಯೇಷನ್’ ಬಂತು. ಸವಕಳಿ ಅಂದೆ. ‘ನಮ್ಮಪ್ಪನ ಹೋಟೆಲಿನ ಗ್ರೈಂಡರ್ ವರ್ಷವರ್ಷ ಸವೆಯುತ್ತಲ್ಲ ಸರ್, ಅದಾ?’ ಅಂತ ಕೇಳಿ, ನಾನು ಹೌದು ಅನ್ನುವಷ್ಟರಲ್ಲಿ ಬರೆದುಕೊಂಡಿದ್ದಳು.