ಯಾವ ಬಾರ್ಡರ್‌ನಲ್ಲಿದ್ದಿರಿ?

ನಮಸ್ಕಾರ. ಕಳೆದ ತಿಂಗಳು ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಎಲೆಯ ಹಿರಿಯರೊಬ್ಬರು ನಮ್ಮ ದೊಡ್ಡಪ್ಪನವರನ್ನು ಕೇಳಿದರು: "ಮಿಲ್ಟ್ರಿಲಿದ್ರಂತಲ್ಲ, ಯಾವ ಬಾರ್ಡರ್‌ನಲ್ಲಿದ್ರಿ?" ದೊಡ್ಡಪ್ಪ ನೌಕಾಪಡೆಯಲ್ಲಿ ಮೂವತ್ತೆರಡು ವರ್ಷ ಎಂಜಿನಿಯರಿಂಗ್ ಅಧಿಕಾರಿಯಾಗಿದ್ದು ಕಮಾಂಡರ್ ಹುದ್ದೆಯಿಂದ ನಿವೃತ್ತರಾದವರು. "ನಾನು ನೀರಿನ ಮೇಲಿದ್ದೆ" ಎಂದರು. ಹಿರಿಯರು ಕೋಸಂಬರಿ ಕಲಸುತ್ತಾ ಒಂದು ಕ್ಷಣ ಯೋಚಿಸಿ, "ಹಂಗಾದ್ರೂ ಕ್ಯಾಂಟೀನ್ ಕೋಟಾ ಸಿಗ್ತದಲ್ವಾ?" ಎಂದು ವಿಚಾರಿಸಿದರು. ದೊಡ್ಡಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ತಪ್ಪು ಆ ಹಿರಿಯರದಲ್ಲ. ಕಡಲನ್ನು ಪ್ರವಾಸದಲ್ಲಷ್ಟೇ ನೋಡುವ ನಮ್ಮ ಸೀಮೆಯಲ್ಲಿ ಸೈನ್ಯ ಎಂದರೆ ಭೂಸೇನೆ, ಸೈನಿಕ ಎಂದರೆ ಹಿಮದಲ್ಲಿ ಬಂದೂಕು ಹಿಡಿದು ನಿಂತವನು ಎಂಬ ಚಿತ್ರವೇ ಗಟ್ಟಿಯಾಗಿ ಕುಳಿತಿದೆ. ಹುದ್ದೆಯ ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಭೂಸೇನೆಯಲ್ಲಿ ಕ್ಯಾಪ್ಟನ್ ಎಂದರೆ ಇನ್ನೂ ಎಳೆಯ ಅಧಿಕಾರಿ, ನೌಕಾಪಡೆಯಲ್ಲಿ ಕ್ಯಾಪ್ಟನ್ ಎಂದರೆ ಕರ್ನಲ್‌ಗೆ ಸಮಾನ. ನಮ್ಮ ದೊಡ್ಡಪ್ಪನ ಕಮಾಂಡರ್ ಪದವಿ ಲೆಫ್ಟಿನೆಂಟ್ ಕರ್ನಲ್‌ಗೆ ಸಮ ಎಂದು ನಾನು ಎಷ್ಟು ಮದುವೆಗಳಲ್ಲಿ ವಿವರಿಸಿದ್ದೇನೋ ಲೆಕ್ಕವಿಲ್ಲ.

ಹಾಗೆ ನೋಡಿದರೆ ನಮ್ಮೂರಿನ ಹೆಸರು ಕಡಲಿಗೆ ಹೊಸದೇನಲ್ಲ. ಬ್ರಿಟಿಷರ 'ನೈಜೀರಿಯಾ' ಎಂಬ ಕ್ರೂಸರ್ ಹಡಗನ್ನು ಭಾರತ ಕೊಂಡು 1957ರಲ್ಲಿ ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ನಾಯಕ ನೌಕೆ ಅದೇ. 1985ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು. 1999ರಲ್ಲಿ ಅದೇ ಹೆಸರಿನ ಇನ್ನೊಂದು ಯುದ್ಧನೌಕೆ ಬಂತು, ಅದರ ಲಾಂಛನದಲ್ಲಿ ಗಂಡಭೇರುಂಡವಿದೆ, ಧ್ಯೇಯವಾಕ್ಯ 'ನ ಬಿಭೇತಿ ಕದಾಚನ', ಎಂದರೆ ಎಂದಿಗೂ ಹೆದರದು. ಪಾಂಡವಪುರ ತಾಲ್ಲೂಕಿನ ಕಬ್ಬಿನ ಗದ್ದೆಯ ಹುಡುಗನೊಬ್ಬ ತರಬೇತಿಯ ದಿನಗಳಲ್ಲಿ ಮೊದಲ ಸಲ ಹತ್ತಿದ್ದು ಆ ಹಳೆಯ ಮೈಸೂರನ್ನೇ. ಹಡಗಿನ ಹೊಟ್ಟೆಯೊಳಗಿನ ಬಾಯ್ಲರ್ ಕೋಣೆಗೆ ಇಳಿದಾಗ ಆಲೆಮನೆಯ ಒಲೆಯ ಮುಂದೆ ನಿಂತಂತಾಯಿತು, ಆದರೆ ಬೆಲ್ಲದ ವಾಸನೆ ಇರಲಿಲ್ಲ ಎಂದು ದೊಡ್ಡಪ್ಪ ಈಗಲೂ ಹೇಳುತ್ತಾರೆ.

ಹಡಗಿನ ದಿನ ನಾಲ್ಕು ನಾಲ್ಕು ಗಂಟೆಯ ಪಾಳಿಗಳಲ್ಲಿ ನಡೆಯುತ್ತದೆ. ಸಂಜೆ ನಾಲ್ಕರಿಂದ ಎಂಟರವರೆಗಿನ ಪಾಳಿಯನ್ನು ಮಾತ್ರ ಎರಡಾಗಿ ಒಡೆದು ಡಾಗ್ ವಾಚ್ ಎನ್ನುತ್ತಾರೆ; ಪಾಳಿಗಳ ಸಂಖ್ಯೆ ಹೀಗೆ ಏಳಾಗುವುದರಿಂದ ನಡುರಾತ್ರಿಯ ಪಾಳಿ ದಿನವೂ ಒಬ್ಬನ ಪಾಲಿಗೇ ಬರುವುದಿಲ್ಲ. ಪ್ರತಿ ಪಾಳಿಯಲ್ಲೂ ಯಂತ್ರ ಎಷ್ಟು ಗಂಟೆ ಓಡಿತು, ಎಣ್ಣೆಯ ಒತ್ತಡ ಎಷ್ಟಿತ್ತು, ಎಲ್ಲಿ ಸೋರಿತು ಎಂಬುದನ್ನು ಬರೆದಿಟ್ಟು, ಮುಂದಿನವನಿಗೆ ಒಪ್ಪಿಸಿದ ಮೇಲೆಯೇ ಹಿಂದಿನವನು ಮಲಗಬಹುದು. ಈ ಅಭ್ಯಾಸ ಮೈಗಂಟಿಕೊಂಡ ದೊಡ್ಡಪ್ಪ ಮೈಸೂರಿನ ಮನೆಯ ಜಗಲಿಯಲ್ಲಿ ಪ್ರತಿದಿನ ಬೆಳಿಗ್ಗೆ ಪತ್ರಿಕೆ ನೋಡಿ ಕನ್ನಂಬಾಡಿ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಇದು ಹಡಗಿನಿಂದಷ್ಟೇ ಬಂದದ್ದಲ್ಲ. ಅವರು ಕಡಲಿನಲ್ಲಿದ್ದ ಕಾಲಕ್ಕೆ ನಮ್ಮ ತಾತ ಹಡಗಿನವರ ಅಂಚೆ ನೋಡಿಕೊಳ್ಳುವ ಬೊಂಬಾಯಿಯ ಫ್ಲೀಟ್ ಮೇಲ್ ಆಫೀಸಿನ ವಿಳಾಸಕ್ಕೆ ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದರು. ಕ್ಷೇಮ ಸಮಾಚಾರಕ್ಕೂ ಮೊದಲು ಕಟ್ಟೆ ಎಷ್ಟಡಿ ತುಂಬಿದೆ ಎಂದು ಬರೆಯುತ್ತಿದ್ದರು. ಕಟ್ಟೆ ಪೂರ್ತಿ ತುಂಬಿ 124.80 ಅಡಿ ಮುಟ್ಟಿದ ವರ್ಷ ಆ ಸಾಲಿನ ಕೆಳಗೆ ಎರಡು ಗೆರೆ ಇರುತ್ತಿತ್ತು.

ತಾತ ತೀರಿಕೊಂಡಾಗ ಹಡಗು ಬಂದರಿನಿಂದ ಬಹುದೂರದಲ್ಲಿತ್ತು. ಹಿರಿಯ ಮಗನಾಗಿ ದೊಡ್ಡಪ್ಪ ಮಾಡಬೇಕಿದ್ದ ಕಾರ್ಯವನ್ನು ನಮ್ಮಪ್ಪ ಮಾಡಿದರು. ದೊಡ್ಡಪ್ಪ ಊರಿಗೆ ಬಂದದ್ದು ತಿಥಿ ಮುಗಿದು ಶಾಮಿಯಾನ ಬಿಚ್ಚಿದ ಮೇಲೆ. ಯುದ್ಧ ನಡೆಯದ ವರ್ಷಗಳಲ್ಲೂ ನೌಕಾಪಡೆಯ ಮನೆಗಳು ತೆರುವ ಬೆಲೆ ಇಂಥದ್ದು, ಮತ್ತು ಇದಕ್ಕೆ ಯಾವ ಪದಕವೂ ಇಲ್ಲ. ವಿಶಾಖಪಟ್ಟಣ, ಕೊಚ್ಚಿ, ಮುಂಬೈ ಎಂದು ಸಾಮಾನು ಕಟ್ಟಿ ಬಿಚ್ಚಿ, ಹಡಗು ಹೊರಟ ತಿಂಗಳುಗಳಲ್ಲಿ ಮಕ್ಕಳ ಜ್ವರ, ಪರೀಕ್ಷೆ, ಬ್ಯಾಂಕು ಎಲ್ಲವನ್ನೂ ಒಬ್ಬರೇ ನೋಡಿಕೊಂಡ ದೊಡ್ಡಮ್ಮನನ್ನು ಯಾರೂ ಯಾವ ಬಾರ್ಡರ್ ಎಂದು ಕೇಳಲೇ ಇಲ್ಲ.

ಕಮಾಂಡರ್ ಹುದ್ದೆಯವರು ಸಾಮಾನ್ಯವಾಗಿ 54ರ ವಯಸ್ಸಿಗೆ ನಿವೃತ್ತರಾಗುತ್ತಾರೆ. ನಮ್ಮಲ್ಲಿ ರಾಜ್ಯ ಸರ್ಕಾರಿ ನೌಕರರು ಇನ್ನೂ ಆರು ವರ್ಷ ದುಡಿಯುವ ವಯಸ್ಸು ಅದು. ಒಂದು ಇಡೀ ಹಡಗಿನ ವಿದ್ಯುತ್ತು, ನೀರು, ಎಂಜಿನ್ನುಗಳನ್ನು ನಡೆಸಿದ ಮನುಷ್ಯ ಹೀಗೆ ಗಟ್ಟಿಮುಟ್ಟಾಗಿ ಮೈಸೂರಿಗೆ ಬಂದಿಳಿದಾಗ ನಾವು ಕೊಡುವ ಕೆಲಸ ಯಾವುದು? ಮುಖ್ಯ ಅತಿಥಿಯ ಕೆಲಸ. ಆಗಸ್ಟ್ 15ಕ್ಕೆ ಬಾವುಟ ಹಾರಿಸಿ, ಮಕ್ಕಳಿಗೆ ಶಿಸ್ತಿನ ಬಗ್ಗೆ ಎರಡು ಮಾತಾಡಿ, ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಹೋಗುವುದು. ಇದು ಗೌರವವಲ್ಲ, ಗೌರವದ ಹೆಸರಿನಲ್ಲಿ ಆತನನ್ನು ಪಕ್ಕಕ್ಕೆ ಕೂರಿಸುವ ಉಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಅವರ ಬಡಾವಣೆಯ ಸಂಘದಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಕೊಳವೆಬಾವಿಯ ಮೋಟಾರಿಗೆ ಒಂದು ರಿಜಿಸ್ಟರ್ ಇಡೋಣ, ದಿನಕ್ಕೆಷ್ಟು ಗಂಟೆ ಓಡಿತು, ಎಷ್ಟು ಆಂಪಿಯರ್ ಎಳೆಯಿತು ಎಂದು ಬರೆಯೋಣ, ಆಂಪಿಯರ್ ಏರತೊಡಗಿದರೆ ಸುಡುವ ಮೊದಲೇ ಮೋಟಾರನ್ನು ಮೇಲೆತ್ತಬಹುದು ಎಂದು ದೊಡ್ಡಪ್ಪ ಸಭೆಯಲ್ಲಿ ಹೇಳಿದರು. ಪದಾಧಿಕಾರಿಗಳು ಚಪ್ಪಾಳೆ ತಟ್ಟಿ ಮುಂದಿನ ವಿಷಯಕ್ಕೆ ಹೋದರು. ಏಪ್ರಿಲ್‌ನಲ್ಲಿ ಮೋಟಾರು ಸುಟ್ಟಿತು, ಒಂದು ವಾರ ಟ್ಯಾಂಕರ್ ನೀರು ತರಿಸಬೇಕಾಯಿತು. ದೊಡ್ಡಪ್ಪನ ತಪ್ಪೂ ಇಲ್ಲದಿಲ್ಲ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಹಡಗಿನಲ್ಲಿ ಒಮ್ಮೆ ಹೇಳಿದ್ದು ನಡೆದುಹೋಗುತ್ತದೆ. ಬಡಾವಣೆಯಲ್ಲಿ ನಾಲ್ಕು ಸಲ ಹೇಳಬೇಕು, ಎರಡು ಸಲ ಕಾಫಿ ಕುಡಿಸಬೇಕು, ಒಂದು ಸಲ ಸೋಲಬೇಕು. ಎರಡನೇ ಸಭೆಯಲ್ಲೇ ದನಿ ಏರಿಸಿ ಎದ್ದು ಬಂದ ಅವರು ಆಮೇಲೆ ಅತ್ತ ತಲೆಹಾಕಲಿಲ್ಲ.

ಸಂಘ ಮಾಡದ್ದನ್ನು ಕೊನೆಗೆ ಬಡಾವಣೆಯ ನೀರುಗಂಟಿ ಮಾಡಿದ. ಹೊಸ ಮೋಟಾರು ಇಳಿಸಿದ ಮರುವಾರ ಇನ್ನೂರು ಪುಟದ ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಜಗಲಿಗೆ ಬಂದ. ಈಗ ಪ್ರತಿ ಭಾನುವಾರ ಬರುತ್ತಾನೆ. "ನೆನ್ನೆ ಮೂರೂವರೆ ಗಂಟೆ ಓಡ್ತು ಸಾರ್, ಆಂಪಿಯರ್ ಒಂಬತ್ತೇ ಐತೆ" ಎಂದು ಓದುತ್ತಾನೆ. ದೊಡ್ಡಪ್ಪ ಕನ್ನಡಕ ಏರಿಸಿ ಅಂಕಿಗಳ ಮೇಲೆ ಬೆರಳಾಡಿಸಿ ಕೆಳಗೆ ಸಣ್ಣದಾಗಿ ಸಹಿ ಹಾಕುತ್ತಾರೆ. ಸಂಘದಿಂದ ಈ ಸಲದ ಆಗಸ್ಟ್ 15ರ ಆಹ್ವಾನ ಪತ್ರಿಕೆಯೂ ಬಂದಿದೆ. ಗಾಳಿಗೆ ಹಾರದಿರಲೆಂದು ಅದನ್ನು ಆ ನೋಟ್‌ಬುಕ್ಕಿನ ಅಡಿಗೆ ಇಟ್ಟಿದ್ದಾರೆ.